ಒಂದು ಜಗಲಿ, ಎರಡು ಒಲೆ

(ಆಕಾಶವಾಣಿಯಲ್ಲಿ ಬಿತ್ತರಗೊಂಡ ಭಾಷಣದ ಪಾಠ)



ಕೈಯಲ್ಲೊಂದು ಕಾಗದದ ಕಟ್ಟನ್ನೋ, ಈಚೆಗಾದರೆ ಮೊಬೈಲ್ ಫೋನನ್ನೋ ಹಿಡಿದು, ಗುರುತು ಪರಿಚಯವಿಲ್ಲದವರೊಬ್ಬರು ಬಾಗಿಲಲ್ಲಿ ನಿಂತು ‘ಮನೆಯಲ್ಲಿ ಎಷ್ಟು ಜನ?’ ಎಂದು ವಿಚಾರಿಸಿದ ಅನುಭವ ತಮ್ಮಲ್ಲಿ ಅನೇಕರಿಗೆ ಇರಬಹುದು. ಜನಗಣತಿಯವರು ಬರುತ್ತಾರೆ. ನಮ್ಮ ರಾಜ್ಯದಲ್ಲಿ 2015ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯವರು ಬಂದರು. ಇವರಲ್ಲದೆ ಯಾವುದಾದರೊಂದು ಕಾಲೇಜಿನ ಸಮಾಜಶಾಸ್ತ್ರದ ವಿದ್ಯಾರ್ಥಿಯೂ ಬಂದಿರಬಹುದು. ಜಾತಿ ಯಾವುದು, ಜಮೀನು ಎಷ್ಟು, ಮಕ್ಕಳು ಎಲ್ಲಿಯವರೆಗೆ ಓದಿದ್ದಾರೆ ಎಂದು ಅವರು ಕೇಳುತ್ತಾರೆ. ನಾವು ಕೆಲವನ್ನು ಇದ್ದಂತೆ ಹೇಳುತ್ತೇವೆ, ಕೆಲವನ್ನು ಅರೆಬರೆಯಾಗಿ ಹೇಳುತ್ತೇವೆ, ಕೆಲವಕ್ಕೆ ನಕ್ಕು ಸುಮ್ಮನಾಗುತ್ತೇವೆ. ಬಂದವರು ಗೇಟು ದಾಟಿದ ಮೇಲೆ ಒಳಗಿನಿಂದ ಒಂದು ದನಿ ಕೇಳುತ್ತದೆ: ‘ಇದೆಲ್ಲ ಇವರಿಗೆ ಯಾಕಂತೆ?’

ಈ ಪ್ರಶ್ನೆ ನ್ಯಾಯವಾದುದು. ಸಮಾಜಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದ ನಾನು ಈ ಹೊತ್ತು ತಮ್ಮೊಡನೆ ಆಡಬೇಕೆಂದಿರುವ ಮಾತುಗಳೆಲ್ಲ ಈ ಪ್ರಶ್ನೆಗೆ ಸಂಬಂಧಿಸಿದುವೇ. ಸಮಾಜವನ್ನು ಕುರಿತು ಸಂಶೋಧನೆ ಮಾಡುವವರು ಏನನ್ನು ನೋಡುತ್ತಾರೆ, ಹೇಗೆ ನೋಡುತ್ತಾರೆ, ನೋಡಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ವಿಷಯ.

ರಸಾಯನಶಾಸ್ತ್ರಜ್ಞನು ಪ್ರನಾಳದಲ್ಲಿ ಹಾಕಿದ ಲವಣ ಅವನನ್ನು ನೋಡಿ ನಾಚಿಕೊಳ್ಳುವುದಿಲ್ಲ. ‘ಇವರು ಯಾವ ಜನವೋ’ ಎಂದು ಅನುಮಾನಿಸುವುದೂ ಇಲ್ಲ. ಸಮಾಜಶಾಸ್ತ್ರಜ್ಞನ ಪಾಡು ಬೇರೆ. ಅವನು ನೋಡಹೊರಟ ಮನುಷ್ಯರು ಮೊದಲು ಅವನನ್ನೇ ನೋಡಿ ಅಳೆಯುತ್ತಾರೆ. ಅಳೆದ ಮೇಲೆ ಅವನಿಗೆ ಎಷ್ಟು ಹೇಳಬೇಕೋ ಅಷ್ಟನ್ನು ಹೇಳುತ್ತಾರೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ತಿಳಿದ ಬಗೆಯನ್ನು ಹೇಳುತ್ತೇನೆ.

1974ರ ಬೇಸಿಗೆ. ನಾನು ಎಂ.ಎ. ವಿದ್ಯಾರ್ಥಿ. ನಮ್ಮ ಅಧ್ಯಾಪಕರು ಏಳೆಂಟು ಮಂದಿಯ ತಂಡವನ್ನು ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಕರೆದೊಯ್ದಿದ್ದರು. ಊರಿನ ಹೆಸರನ್ನು ಹೇಳುವುದಿಲ್ಲ. ಕಾರಣವನ್ನು ಕಡೆಯಲ್ಲಿ ತಿಳಿಸುತ್ತೇನೆ. ಮನೆಮನೆಗೂ ಹೋಗಿ ಕುಟುಂಬಗಳ ಪಟ್ಟಿ ಮಾಡುವುದು ನಮ್ಮ ಮೊದಲ ಕೆಲಸ. ಒಂದೇ ಅಡುಗೆಮನೆಯಲ್ಲಿ ಬೆಂದದ್ದನ್ನು ಒಟ್ಟಿಗೆ ಉಣ್ಣುವವರು ಒಂದು ಕುಟುಂಬ ಎಂಬ ಜನಗಣತಿಯ ಲಕ್ಷಣವನ್ನು ಗಟ್ಟಿ ಮಾಡಿಕೊಂಡು ಹೊರಟಿದ್ದೆವು. ಒಂದು ದೊಡ್ಡ ಮನೆಯ ಜಗಲಿಯ ಮೇಲೆ ಯಜಮಾನರು ನನ್ನನ್ನು ಆದರದಿಂದ ಕುಳ್ಳಿರಿಸಿ, ಮಜ್ಜಿಗೆ ತರಿಸಿಕೊಟ್ಟು, ಹೇಳಿದರು: ‘ನಮ್ದು ಒಂದೇ ಮನೆ, ಸ್ವಾಮಿ. ಅಣ್ತಮ್ಮ ಬ್ಯಾರೆ ಆಗಿಲ್ಲ. ಒಟ್ಟು ಹನ್ನೊಂದು ಜನ. ಬರ್ಕಳಿ.’ ನಾನು ಬರೆದುಕೊಂಡೆ: ಕುಟುಂಬ ಒಂದು, ಜನ ಹನ್ನೊಂದು.

ನಮ್ಮ ತಂಡದಲ್ಲಿದ್ದ ಸಹಪಾಠಿನಿಯೊಬ್ಬರನ್ನು ಆ ಮನೆಯ ಹೆಂಗಸರು ಒಳಗೆ ಕರೆದಿದ್ದರು. ಸಂಜೆ ಬಿಡಾರದಲ್ಲಿ ನಮ್ಮ ನಮ್ಮ ಕಾಗದಗಳನ್ನು ಹೋಲಿಸಿ ನೋಡುವಾಗ ಆಕೆಯ ಪುಸ್ತಕದಲ್ಲಿ ಅದೇ ಮನೆಗೆ ಎರಡು ಒಲೆಗಳಿದ್ದುವು. ಕಿರಿಯ ಸೊಸೆ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತ ಹೇಳಿದ್ದಳಂತೆ: ‘ಬ್ಯಾರೆ ಒಲೆ ಹೂಡಿ ಎರಡು ವರ್ಸ ಆಯ್ತು ಕಣಕ್ಕ. ಊರಿಗೆಲ್ಲ ಗೊತ್ತು. ಭಾವನೋರ ಮುಂದೆ ಮಾತ್ರ ಯಾರೂ ಆಡಕಿಲ್ಲ.’

ಒಂದೇ ದಿನ, ಒಂದೇ ಮನೆ. ಜಗಲಿಯಲ್ಲಿ ಕುಳಿತವನಿಗೆ ಕಂಡದ್ದು ಒಂದು ಕುಟುಂಬ, ಹಿತ್ತಿಲಲ್ಲಿ ಕುಳಿತವಳಿಗೆ ಕಂಡದ್ದು ಎರಡು. ಯಾರ ಲೆಕ್ಕ ಸರಿ? ಈ ಪ್ರಶ್ನೆಯನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಂಡು, ನಮ್ಮ ಶಾಸ್ತ್ರ ಸಮಾಜವನ್ನು ತಿಳಿಯಲು ಹಿಡಿದಿರುವ ಹಾದಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಎಣಿಕೆಯ ಹಾದಿ. ಹಳೆಯ ಮೈಸೂರಿನವರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಜನಗಣತಿ ಇದರ ಹಿರಿಯ ರೂಪ. ಇಡೀ ಭರತಖಂಡದಲ್ಲಿ ಏಕಕಾಲಕ್ಕೆ ಗಣತಿ ನಡೆದದ್ದು 1881ರಲ್ಲಿ. ಆದರೆ ಎಲ್ಲರನ್ನೂ ಎಣಿಸುವುದು ಎಲ್ಲ ಪ್ರಶ್ನೆಗಳಿಗೂ ಸಾಧ್ಯವಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮ ಅಡುಗೆಮನೆಯ ಶಾಸ್ತ್ರ. ಮಾದರಿ ಸಮೀಕ್ಷೆಯ ತತ್ತ್ವವೂ ಇದೇ. ಪ್ರೊಫೆಸರ್ ಪಿ.ಸಿ. ಮಹಲನೋಬಿಸರ ಮುಂದಾಳುತನದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ತತ್ತ್ವವನ್ನು ದೇಶದ ಅಳತೆಗೆ ಹಿಗ್ಗಿಸಿತು.

ಆದರೆ ಅನ್ನಕ್ಕೂ ಊರಿಗೂ ಒಂದು ವ್ಯತ್ಯಾಸವುಂಟು. ಪಾತ್ರೆಯೊಳಗಿನ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದುವು. ಊರಿನ ಮನೆಗಳು ಹಾಗಲ್ಲ. ಮೇಲುಗೇರಿಯ ಒಂದಗುಳನ್ನು ಹಿಸುಕಿ ಕೆಳಗೇರಿಯ ಅನ್ನ ಬೆಂದಿತೆಂದು ಹೇಳಲಾಗದು. ಆದುದರಿಂದಲೇ ಮನೆಗಳನ್ನು ಕಣ್ಣಿಗೆ ಕಂಡಂತೆ ಆರಿಸದೆ, ಚೀಟಿ ಎತ್ತಿದ ಹಾಗೆ, ಪ್ರತಿಯೊಂದು ಮನೆಗೂ ಆಯ್ಕೆಯಾಗುವ ಅವಕಾಶವಿರುವಂತೆ ಆರಿಸಬೇಕೆಂಬ ನಿಯಮ. ನಿಯಮ ಸುಲಭ, ಪಾಲನೆ ಕಷ್ಟ. ಚೀಟಿಯಲ್ಲಿ ಬಂದ ಮನೆಗೆ ನಡುಮಧ್ಯಾಹ್ನ ಹೋದರೆ ಬೀಗ ಹಾಕಿದೆ. ಪಕ್ಕದ ಮನೆ ತೆರೆದಿದೆ, ಅಲ್ಲಿ ನೆರಳೂ ಇದೆ, ಕುಡಿಯಲು ನೀರೂ ಸಿಗುತ್ತದೆ. ಬಿಸಿಲಿನಲ್ಲಿ ದಣಿದ ಗಣತಿಗಾರ ಬೀಗದ ಮನೆಯ ಬದಲು ತೆರೆದ ಮನೆಯನ್ನು ಬರೆದುಕೊಂಡರೆ ಏನಾಗುತ್ತದೆ? ಬೀಗ ಹಾಕಿದವರು ಕೂಲಿಗೆ ಹೋದವರು. ತೆರೆದವರು ಹೋಗಬೇಕಾದ ಅಗತ್ಯವಿಲ್ಲದವರು. ಇಂತಹ ಹತ್ತು ಬದಲಾವಣೆಗಳಾದರೆ ಕಾಗದದ ಮೇಲಿನ ಊರು ನಿಜವಾದ ಊರಿಗಿಂತ ಸಿರಿವಂತವಾಗಿಬಿಡುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಆದರೂ ಒಟ್ಟು ಮೊತ್ತ ಸುಳ್ಳಾಗಿರುತ್ತದೆ. ಸಂಜೆ ಮತ್ತೊಮ್ಮೆ ಆ ಬೀಗದ ಮನೆಗೇ ಹೋಗುವ ತಾಳ್ಮೆ ಸಂಶೋಧನೆಯ ಒಂದು ಮುಖ್ಯ ಅಂಗ.

ಎಣಿಕೆಗೆ ಇನ್ನೊಂದು ತೊಡಕು ಶಬ್ದಗಳದು. ನಮ್ಮ ಕನ್ನಡದ ‘ಮನೆ’ ಎಂಬ ಮಾತನ್ನೇ ನೋಡಿ. ಗೋಡೆ ಮಾಡುಗಳುಳ್ಳ ಕಟ್ಟಡವೂ ಮನೆಯೇ. ಅದರೊಳಗಿನ ಸಂಸಾರವೂ ಮನೆಯೇ. ‘ಅವರು ದೊಡ್ಡ ಮನೆಯವರು’ ಎಂದಾಗ ಅದು ವಂಶ. ‘ಮನೆಯವರು ಊರಿಗೆ ಹೋಗಿದ್ದಾರೆ’ ಎಂದಾಗ ಹೆಂಡತಿ ಅಥವಾ ಗಂಡ. ನಾನು ಕಾಗದ ಹಿಡಿದು ಕೇಳಿದ ‘ಮನೆ’ ಯಾವುದು, ಯಜಮಾನರು ಉತ್ತರಿಸಿದ ‘ಮನೆ’ ಯಾವುದು? ಅವರ ಮಟ್ಟಿಗೆ ಜಮೀನು ಪಾಲಾಗಿರಲಿಲ್ಲ. ಪಹಣಿಯಲ್ಲಿ ತಂದೆಯ ಹೆಸರೇ ಇತ್ತು. ಊರಹಬ್ಬಕ್ಕೆ ಎರಡು ಸಂಸಾರಗಳೂ ಸೇರಿ ಒಂದೇ ವಂತಿಗೆ ಕೊಡುತ್ತಿದ್ದುವು. ಆ ಲೆಕ್ಕದಲ್ಲಿ ಅದು ಒಂದೇ ಮನೆ. ಉಣ್ಣುವ ಲೆಕ್ಕದಲ್ಲಿ ಎರಡು.

ಈ ತೊಡಕು ನಮ್ಮ ತಂಡಕ್ಕೆ ಮಾತ್ರ ಬಂದದ್ದಲ್ಲ. ಅವಿಭಕ್ತ ಕುಟುಂಬ ಒಡೆದುಹೋಗುತ್ತಿದೆಯೆಂಬ ಮಾತು ಬಹುಕಾಲದಿಂದ ಎಲ್ಲರ ಬಾಯಲ್ಲೂ ಇತ್ತು. ಗುಜರಾತಿನ ಐ.ಪಿ. ದೇಸಾಯಿಯವರು ಸೌರಾಷ್ಟ್ರದ ಮಹುವಾ ಎಂಬ ಪಟ್ಟಣದ ಕುಟುಂಬಗಳನ್ನು ಕುರಿತು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೇರೆ ಬೇರೆ ಮನೆಗಳಲ್ಲಿದ್ದರೂ ಆಸ್ತಿಯಿಂದಲೋ, ಪರಸ್ಪರ ಹೊಣೆಗಾರಿಕೆಯಿಂದಲೋ ಕೂಡಿಕೊಂಡಿರುವ ಸಂಸಾರಗಳತ್ತ ಗಮನ ಸೆಳೆದರು. ಎ.ಎಂ. ಷಾ ಅವರು 1973ರ ತಮ್ಮ ಗ್ರಂಥದಲ್ಲಿ ಕುಟುಂಬ ಬೇರೆ, ಒಂದೇ ಸೂರಿನಡಿಯ ಗೃಹಸಮೂಹ ಬೇರೆ ಎಂದು ವಿಂಗಡಿಸಿ, ಎರಡನ್ನೂ ಬೆರೆಸಿ ಮಾತನಾಡಿದ್ದರಿಂದ ಎಷ್ಟೋ ತಪ್ಪು ತೀರ್ಮಾನಗಳಾಗಿವೆಯೆಂದು ತೋರಿಸಿದರು. ಎಣಿಸುವುದಕ್ಕೆ ಮೊದಲು ಎಣಿಸುವ ವಸ್ತು ಯಾವುದೆಂದು ತಿಳಿಯಬೇಕು. ಅದನ್ನು ತಿಳಿಯಬೇಕಾದರೆ ಎಣಿಕೆಯನ್ನು ಬದಿಗಿಟ್ಟು ಒಂದಷ್ಟು ಕಾಲ ಜನರ ನಡುವೆ ಕೂರಬೇಕು.

ಹಾಗೆ ಕೂರದಿದ್ದರೆ ಏನಾಗುವುದೆಂಬುದಕ್ಕೆ ಪಂಜಾಬಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. 1950ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತಜ್ಞರು ಲೂಧಿಯಾನಾ ಜಿಲ್ಲೆಯ ಖನ್ನಾ ಪಟ್ಟಣದ ಸುತ್ತಣ ಹಳ್ಳಿಗಳಲ್ಲಿ ಸಂತಾನನಿಯಂತ್ರಣವನ್ನು ಕುರಿತು ದೊಡ್ಡದೊಂದು ಅಧ್ಯಯನ ನಡೆಸಿದರು. ಮನೆಮನೆಗೂ ಹೋಗಿ ಮಾತ್ರೆಗಳನ್ನು ಹಂಚಿದರು, ಜನ ತೆಗೆದುಕೊಂಡರು. ಉಪಯೋಗಿಸುತ್ತಿದ್ದೀರಾ ಎಂದು ಕೇಳಿದಾಗ ಎಷ್ಟೋ ಜನ ಹೌದೆಂದರು. ಆದರೆ ನಿರೀಕ್ಷಿಸಿದ ಮಟ್ಟಿಗೆ ಜನನಗಳು ಇಳಿಯಲಿಲ್ಲ. ಬಳಿಕ ಮಹಮೂದ್ ಮಮ್ದಾನಿ ಎಂಬ ವಿದ್ವಾಂಸರು ಆ ಹಳ್ಳಿಗಳಲ್ಲೊಂದಕ್ಕೆ ಹೋಗಿ ವಿಚಾರಿಸಿ 1972ರಲ್ಲಿ ಪುಸ್ತಕ ಬರೆದರು. ಜನ ಮಾತ್ರೆಗಳನ್ನು ಪಡೆದಿದ್ದರು, ಉಪಯೋಗಿಸಿರಲಿಲ್ಲ. ಒಬ್ಬಾತ ಪೆಟ್ಟಿಗೆಗಳನ್ನೆಲ್ಲ ಜೋಡಿಸಿ ಕೋಣೆಯ ಮೂಲೆಯಲ್ಲಿ ಅಲಂಕಾರದ ಶಿಲ್ಪವನ್ನೇ ಮಾಡಿಕೊಂಡಿದ್ದ. ದೂರದೇಶದಿಂದ ಬಂದ ಸಭ್ಯರು, ಪಾಪ, ಅಷ್ಟು ಪ್ರೀತಿಯಿಂದ ಕೊಡುವಾಗ ಬೇಡವೆನ್ನುವುದು ಹೇಗೆ ಎಂಬ ಸೌಜನ್ಯ ಅವರದು. ಹೊಲದ ಕೆಲಸಕ್ಕೆ ಕೈಗಳು ಬೇಕು, ಮುಪ್ಪಿಗೆ ಆಸರೆ ಬೇಕು ಎಂಬ ಅವರ ಬದುಕಿನ ಲೆಕ್ಕ ಪ್ರಶ್ನಾವಳಿಯಲ್ಲಿ ಬರಲೇ ಇಲ್ಲ. ಅತಿಥಿಯ ಮನ ನೋಯಬಾರದೆಂದು ಹೇಳಿದ ‘ಹೌದು’ ಸಂಶೋಧಕನ ಪುಸ್ತಕದಲ್ಲಿ ಅಂಕಿಯಾಗಿ ಕುಳಿತಿತು.

ಎರಡನೆಯದು ಜನರ ನಡುವೆ ಬಾಳುವ ಹಾದಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಮ್ಮಲ್ಲಿದೆ. ಕೇರಿಯ ಬಾವಿಕಟ್ಟೆಯಲ್ಲಿ ಕಾದು ನಿಂತರೆ, ಕೇಳದೆಯೇ ಎಷ್ಟೋ ಸಂಗತಿ ತಿಳಿಯುತ್ತದೆ. ಕ್ಷೇತ್ರಕಾರ್ಯವೆಂದು ನಾವು ಕರೆಯುವುದು ಇದನ್ನೇ. ಪೋಲೆಂಡಿನ ಮಾಲಿನೋವ್‍ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಇದ್ದು, ಅವರ ಭಾಷೆಯನ್ನು ಕಲಿತು, 1922ರಲ್ಲಿ ಪ್ರಕಟಿಸಿದ ಗ್ರಂಥ ಈ ಮಾರ್ಗಕ್ಕೆ ಮೇಲ್ಪಂಕ್ತಿಯಾಯಿತು. ಆತ ತೀರಿಕೊಂಡದ್ದು 1942ರಲ್ಲಿ. 1967ರಲ್ಲಿ ಅವನ ಖಾಸಗಿ ದಿನಚರಿ ಅಚ್ಚಾದಾಗ ಓದುಗರು ಬೆಚ್ಚಿದರು. ದ್ವೀಪದ ಜನರ ಮೇಲಿನ ಸಿಡುಕು, ಬೇಸರ, ಊರಿನ ಹಂಬಲ ಅದರಲ್ಲಿ ತುಂಬಿದ್ದುವು. ಕನ್ನಡಿಯನ್ನೇ ಒರೆಸದೆ ಮುಖ ನೋಡಿಕೊಂಡರೆ ಕಲೆ ಮುಖದ್ದೋ ಕನ್ನಡಿಯದೋ ತಿಳಿಯದು. ಕ್ಷೇತ್ರಕಾರ್ಯದಲ್ಲಿ ಸಂಶೋಧಕನ ಮನಸ್ಸೇ ಕನ್ನಡಿ.

ಈ ಮಾತನ್ನು ಕನ್ನಡನಾಡಿನ ಒಬ್ಬ ದೊಡ್ಡ ವಿದ್ವಾಂಸರ ಬಾಳಿನಿಂದ ಇನ್ನೂ ಚೆನ್ನಾಗಿ ತಿಳಿಯಬಹುದು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು ಬ್ರಾಹ್ಮಣರ ಬೀದಿಯಲ್ಲಿ ಬೆಳೆದವರು. ಅವರ ಮನೆಯ ಹಿಂಗೋಡೆಯಾಚೆ ಅನತಿದೂರದಲ್ಲೇ ಕುರುಬರು ನೆಲೆಸಿದ್ದ ಬಂಡಿಕೇರಿ. ಬಾಲಕನಾಗಿದ್ದಾಗ ಅಲ್ಲಿ ಕಂಡ ಬೇರೆಯೇ ಒಂದು ಬದುಕು ತಮಗೆ ಮೊದಲ ಸಾಂಸ್ಕೃತಿಕ ಆಘಾತವಾಗಿತ್ತೆಂದು ಅವರು ಬರೆದಿದ್ದಾರೆ. ಅಪರಿಚಿತ ಸಮಾಜವನ್ನು ಕಾಣಲು ಸಮುದ್ರ ದಾಟಬೇಕಾಗಿಲ್ಲ, ಹಿತ್ತಿಲ ಗೋಡೆ ದಾಟಿದರೂ ಆದೀತು.

ಮುಂಬಯಿಯಲ್ಲಿ ಘುರ್ಯೆಯವರ ಬಳಿ, ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‍ಕ್ಲಿಫ್ ಬ್ರೌನರ ಬಳಿ ಕಲಿತ ಶ್ರೀನಿವಾಸರು 1948ರಲ್ಲಿ ಹಳೆಯ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿದರು; 1952ರ ಬೇಸಿಗೆಯಲ್ಲಿ ಮತ್ತೆ ಹೋದರು. ಗ್ರಂಥದಲ್ಲಿ ಆ ಊರಿಗೆ ಅವರು ಕೊಟ್ಟ ಹೆಸರು ರಾಂಪುರ. ಸುಮಾರು ಒಂದೂವರೆ ಸಾವಿರ ಜನ. ಹತ್ತೊಂಬತ್ತು ಹಿಂದೂ ಜಾತಿಗಳು, ಜೊತೆಗೆ ಮುಸಲ್ಮಾನರು. ಅರ್ಧಕ್ಕೆ ಹತ್ತಿರ ಹತ್ತಿರ ಒಕ್ಕಲಿಗರು. ಊರಿನ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ ಶ್ರೀನಿವಾಸರ ವಾಸ. ಅಲ್ಲಿ ಕಂಡ ಬದುಕಿನಿಂದಲೇ ‘ಪ್ರಬಲ ಜಾತಿ’ ಎಂಬ ಅವರ ಪ್ರಸಿದ್ಧ ಕಲ್ಪನೆ ರೂಪುಗೊಂಡಿತು. ಒಂದು ಊರಿನಲ್ಲಿ ಯಾರ ಮಾತು ನಡೆಯುತ್ತದೆಂಬುದನ್ನು ಶಾಸ್ತ್ರಗ್ರಂಥಗಳ ವರ್ಣಕ್ರಮದಿಂದ ತಿಳಿಯಲಾಗದು. ಭೂಮಿ ಯಾರದು, ಜನಬಲ ಯಾರದು, ನ್ಯಾಯಪಂಚಾಯಿತಿಯಲ್ಲಿ ಕೂರುವವರು ಯಾರು ಎಂದು ನೋಡಬೇಕು ಎಂಬುದು ಅದರ ತಿರುಳು.

ಆದರೆ ಎತ್ತಿನ ಮನೆಯಲ್ಲಿ ವಾಸವಾದದ್ದರಿಂದ ಲಾಭದಂತೆ ನಷ್ಟವೂ ಆಯಿತು. ಪಟೇಲರ ಅತಿಥಿ, ಜಾತಿಯಿಂದ ಬ್ರಾಹ್ಮಣ. ಅವರು ಹೇಗೆ ನಡೆದುಕೊಳ್ಳಬೇಕು, ಯಾರ ಮನೆಗೆ ಹೋಗಬೇಕು, ಎಲ್ಲಿ ಕುಳಿತುಕೊಳ್ಳಬೇಕು ಎಂಬ ವಿಷಯದಲ್ಲಿ ಊರಿನ ಹಿರಿಯರಿಗೆ ಖಚಿತವಾದ ಅಭಿಪ್ರಾಯಗಳಿದ್ದುವು. ಹೀಗಾಗಿ ತಮಗೆ ದೊರೆತದ್ದು ಮೇಲುಜಾತಿಯವರ, ಭೂಮಿಯುಳ್ಳವರ ಕಣ್ಣಿನಿಂದ ಕಂಡ ಊರೆಂದು ಶ್ರೀನಿವಾಸರು ತಾವೇ ಒಪ್ಪಿಕೊಂಡಿದ್ದಾರೆ. ದಲಿತರ ಕೇರಿಯಲ್ಲಿ ಕುಳಿತು ನೋಡಿದ್ದರೆ ರಾಂಪುರ ಬೇರೆಯಾಗಿ ಕಾಣುತ್ತಿತ್ತು. ತಾನು ಎಲ್ಲಿ ಕುಳಿತಿದ್ದೆನೆಂಬುದನ್ನು ಹೇಳಿದ ಸಂಶೋಧಕನ ತಪ್ಪನ್ನು ಮುಂದೆ ಬಂದವರು ತಿದ್ದಬಹುದು. ಅದನ್ನು ಮರೆಸಿದವನ ತಪ್ಪು ಶಾಸ್ತ್ರವಾಗಿ ನಿಂತುಬಿಡುತ್ತದೆ.

ರಾಂಪುರದ ಗ್ರಂಥ ಬೇಗನೆ ಬರಲಿಲ್ಲ. 1970ರಲ್ಲಿ ಶ್ರೀನಿವಾಸರು ಅಮೆರಿಕದ ಸ್ಟ್ಯಾನ್‍ಫರ್ಡಿನ ಒಂದು ಅಧ್ಯಯನ ಕೇಂದ್ರದಲ್ಲಿ ಅದನ್ನು ಬರೆಯಲು ಕುಳಿತಿದ್ದರು. ಆ ವರ್ಷದ ಏಪ್ರಿಲ್ 24ರಂದು ಯಾರೋ ದುಷ್ಕರ್ಮಿಗಳು ಕಟ್ಟಡಕ್ಕೆ ಬೆಂಕಿಯಿಟ್ಟರು. ಹದಿನೆಂಟು ವರ್ಷಗಳಿಂದ ವಿಂಗಡಿಸಿ, ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅದೇ ಕೋಣೆಯಲ್ಲಿದ್ದುವು; ಮೂರೂ ಬೆಂಕಿಗೆ ತುತ್ತಾದುವು. ಮೂಲ ದಿನಚರಿಗಳು ಮಾತ್ರ ದೆಹಲಿಯಲ್ಲಿ ಉಳಿದಿದ್ದುವು. ಗೆಳೆಯ ಸೋಲ್ ಟ್ಯಾಕ್ಸ್ ಅವರು, ನೆನಪಿನಿಂದಲೇ ಬರೆಯಿರಿ ಎಂದು ಹುರಿದುಂಬಿಸಿದರು. ಹಾಗೆ ಬರೆದ ಪುಸ್ತಕ ಪ್ರಕಟವಾದದ್ದು 1976ರಲ್ಲಿ. ಕೋಷ್ಟಕಗಳು ಸುಟ್ಟುಹೋದ ಕಡೆ ಮನುಷ್ಯರು ಉಳಿದರು. ಪಟೇಲರ ಗತ್ತು, ಹಳ್ಳಿಯವರ ಹಾಸ್ಯ, ಜಗಳ, ಸ್ನೇಹ ಎಲ್ಲವೂ ಅಲ್ಲಿವೆ. ನೆನಪು ತನಗೆ ಪ್ರಿಯವಾದುದನ್ನು ಹೆಚ್ಚಿಸಿ, ಅಪ್ರಿಯವಾದುದನ್ನು ಕುಗ್ಗಿಸುತ್ತದೆಯೆಂದು ಆಕ್ಷೇಪಿಸಿದರೆ ತಳ್ಳಿಹಾಕಲಾಗದು. ಆದರೂ ಒಂದು ಹಳ್ಳಿಯನ್ನು ನಿಜವಾಗಿ ಬಲ್ಲವನ ಬಳಿ, ಕಾಗದವೆಲ್ಲ ಬೂದಿಯಾದ ಮೇಲೂ ಏನು ಉಳಿಯುತ್ತದೆಂಬುದಕ್ಕೆ ಆ ಪುಸ್ತಕ ಸಾಕ್ಷಿ.

ಮೂರನೆಯದು ಹೋಲಿಕೆಯ ಹಾದಿ. ರಸಾಯನಶಾಸ್ತ್ರಜ್ಞ ಎರಡು ಪ್ರನಾಳಗಳಲ್ಲಿ ಒಂದಕ್ಕೆ ಮಾತ್ರ ದ್ರಾವಕ ಹಾಕಿ ಪರಿಣಾಮ ನೋಡುತ್ತಾನೆ. ಊರುಗಳ ಮೇಲೆ ಅಂತಹ ಪ್ರಯೋಗ ಸಲ್ಲದು. ಆದರೆ ಕೆಲವೊಮ್ಮೆ ಚರಿತ್ರೆಯೇ ಆ ಪ್ರಯೋಗವನ್ನು ಮಾಡಿಟ್ಟಿರುತ್ತದೆ. ವಿಯೆನ್ನಾ ನಗರದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ನಮ್ಮ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಅವರು ಕೊಟ್ಟ ಹೆಸರುಗಳು ವಂಗಲ ಮತ್ತು ದಾಲೇನ. ಕನ್ನಂಬಾಡಿಯ ನಾಲೆಯ ನೀರು ವಂಗಲದ ಹೊಲಗಳಿಗೆ ಹರಿಯಿತು. ದಾಲೇನದ ಹೊಲಗಳು ಎತ್ತರದಲ್ಲಿದ್ದುದರಿಂದ ಅಲ್ಲಿಗೆ ಹರಿಯಲಿಲ್ಲ. ನೀರು ಬಂದ ಊರು ಹೆಚ್ಚು ಬದಲಾಗಬೇಕೆಂದು ಯಾರಾದರೂ ಊಹಿಸಿಯಾರು. ಎಪ್‌ಸ್ಟೈನ್ ಕಂಡದ್ದೇ ಬೇರೆ. ವಂಗಲದಲ್ಲಿ ಕಬ್ಬು ಬೆಳೆದು ಹಣ ಬಂದಿತಾದರೂ ದುಡಿಮೆ ಮೊದಲಿನಂತೆ ಭೂಮಿಗೇ ಅಂಟಿಕೊಂಡಿತು. ಒಕ್ಕಲಿಗರಿಗೂ ಅವರ ಹೊಲಗಳಲ್ಲಿ ದುಡಿಯುತ್ತಿದ್ದ ಆದಿಕರ್ನಾಟಕರಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಹಾಗೆಯೇ ಮುಂದುವರಿಯಿತು. ಒಣಭೂಮಿಯ ದಾಲೇನದವರು ಮಂಡ್ಯದತ್ತ ಮುಖ ಮಾಡಿ ನೌಕರಿ, ವ್ಯಾಪಾರ, ಗುತ್ತಿಗೆಗಳಿಗೆ ಇಳಿದರು. ಅಲ್ಲಿ ಹಳೆಯ ಸಂಬಂಧಗಳ ಗಂಟು ಸಡಿಲವಾಯಿತು. ಕುಳಿತು ಯೋಚಿಸಿದವರಿಗೆ ಹೊಳೆಯದ ಈ ಸಂಗತಿ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಂಡಿತು. ಅವರು 1970ರಲ್ಲಿ ಮತ್ತೆ ಬಂದು ಅವೇ ಊರುಗಳನ್ನು ನೋಡಿ, 1973ರಲ್ಲಿ ಇನ್ನೊಂದು ಗ್ರಂಥ ಪ್ರಕಟಿಸಿದರು. ಮರಳಿ ಬಂದು ನೋಡುವುದು ಸಂಶೋಧಕನ ಋಣವೂ ಹೌದು, ತನ್ನ ಮಾತನ್ನು ತಾನೇ ಪರೀಕ್ಷಿಸಿಕೊಳ್ಳುವ ಉಪಾಯವೂ ಹೌದು.

ಎಣಿಕೆ, ಒಡನಾಟ, ಹೋಲಿಕೆ ಈ ಮೂರೂ ಬೇಕು. ಒಡನಾಟವಿಲ್ಲದ ಎಣಿಕೆಗೆ ಪಂಜಾಬಿನ ಗತಿ. ಎಣಿಕೆಯಿಲ್ಲದ ಒಡನಾಟಕ್ಕೆ ನಾಲ್ಕು ಜನ ಸ್ನೇಹಿತರ ಮಾತೇ ಊರಿನ ಮಾತೆಂಬ ಭ್ರಮೆ. ಇವುಗಳಲ್ಲಿ ಹೆಚ್ಚು ಕಡಮೆಯಾದರೆ ಏನು ಮಹಾ ಹಾನಿ, ಪುಸ್ತಕವೊಂದು ತಪ್ಪಾದೀತು ಎಂದು ತಾವು ಕೇಳಬಹುದು. ಹಾನಿ ಪುಸ್ತಕಕ್ಕೆ ನಿಲ್ಲುವುದಿಲ್ಲ. ದೇವರಾಜ ಅರಸರ ಸರ್ಕಾರ 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. 1975ರಲ್ಲಿ ಅದರ ವರದಿ ಬಂದಿತು. ಆಯೋಗ ಮಾದರಿ ಸಮೀಕ್ಷೆ ನಡೆಸಿತು, 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾವ ಯಾವ ಜಾತಿಯ ಎಷ್ಟು ವಿದ್ಯಾರ್ಥಿಗಳು ತೇರ್ಗಡೆಯಾದರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಂತಹ ಲೆಕ್ಕದ ಮೇಲೆ ಯಾರ ಮಗುವಿಗೆ ಕಾಲೇಜಿನ ಬಾಗಿಲು ತೆರೆಯಬೇಕು, ಯಾರಿಗೆ ನೌಕರಿ ದೊರೆಯಬೇಕೆಂಬುದು ನಿಶ್ಚಯವಾಗುತ್ತದೆ. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದವನ ಕಾಗದ ಎಲ್ಲಿಯವರೆಗೆ ಹೋಗುತ್ತದೆಂದು ಉತ್ತರ ಹೇಳಿದವರಿಗೆ ತಿಳಿದಿರುವುದಿಲ್ಲ. ಕೇಳಿದವನಿಗೂ ಎಷ್ಟೋ ವೇಳೆ ತಿಳಿದಿರುವುದಿಲ್ಲ.

ಈಗ ನನ್ನ ಎರಡು ಒಲೆಗಳ ಪ್ರಸಂಗಕ್ಕೆ ಹಿಂದಿರುಗುತ್ತೇನೆ. ಅದರ ಉತ್ತರಾರ್ಧವನ್ನು ನಾನು ತರಗತಿಯಲ್ಲಿ ಬಹಳ ವರ್ಷ ಹೇಳಲಿಲ್ಲ. ಸಹಪಾಠಿನಿಯ ಲೆಕ್ಕ ಕಂಡ ಮರುದಿನ, ಕಾಗದವನ್ನು ಸರಿಪಡಿಸಬೇಕೆಂಬ ಉತ್ಸಾಹದಲ್ಲಿ, ನಾನು ನೇರವಾಗಿ ಆ ಜಗಲಿಗೆ ಹೋದೆ. ಯಜಮಾನರ ಜೊತೆ ಊರಿನ ನಾಲ್ಕೈದು ಮಂದಿ ಕುಳಿತಿದ್ದರು. ‘ಯಜಮಾನರೆ, ಒಳಗೆ ಒಲೆ ಎರಡಿವೆಯಂತಲ್ಲ? ಹಾಗಾದರೆ ಎರಡು ಕುಟುಂಬ ಎಂದು ಬರೆದುಕೊಳ್ಳಲೆ?’ ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ. ಅವರು ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡರು. ‘ಯಾರಂದ್ರು?’ ಎಂದರು. ನಾನು ಸುಮ್ಮನಿದ್ದೆ. ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಒಳಗೆ ಏನು ನಡೆಯಿತೋ ನಾವು ಅರಿಯೆವು. ಮರುದಿನ ಬಾವಿಯ ಬಳಿ ಕಿರಿಯ ಸೊಸೆ ನನ್ನ ಸಹಪಾಠಿನಿಯನ್ನು ಕಂಡು, ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮುಖ ತಿರುಗಿಸಿ ಹೊರಟುಹೋದಳು. ಆಕೆ ಅಂದು ಸಂಜೆ ನನ್ನೊಡನೆ ಮಾತನಾಡಲಿಲ್ಲ. ನಮ್ಮ ಅಧ್ಯಾಪಕರು ಎಲ್ಲವನ್ನೂ ಕೇಳಿ, ಗದರಿಸದೆ, ಇಷ್ಟೇ ಹೇಳಿದರು: ‘ನಿಜ ಏನೆಂದು ನಿನ್ನೆಯೇ ತಿಳಿದಿತ್ತಲ್ಲಪ್ಪ. ಇವತ್ತು ಹೋಗಿ ಕೇಳಿದ್ದು ಯಾರಿಗೋಸ್ಕರ?’

ಊರಿಗೆಲ್ಲ ಗೊತ್ತಿದ್ದ ಸಂಗತಿಯೇ ಅದು. ಆದರೆ ಗೊತ್ತಿರುವುದಕ್ಕೂ ಜಗಲಿಯ ಮೇಲೆ ಆಡಿ ತೋರಿಸುವುದಕ್ಕೂ ನಡುವೆ ಒಂದು ಮರೆ ಇತ್ತು. ಆ ಮರೆಯ ಆಸರೆಯಲ್ಲಿ ಅಣ್ಣನ ಹಿರಿತನವೂ ತಮ್ಮನ ಸಂಸಾರವೂ ಜಗಳವಿಲ್ಲದೆ ನಡೆದಿದ್ದುವು. ನನ್ನ ಪ್ರಶ್ನೆ ಆ ಮರೆಯನ್ನು ಕಿತ್ತಿತು. ‘ಒಂದೇ ಮನೆ’ ಎಂದ ಯಜಮಾನರು ಸುಳ್ಳು ಹೇಳಿರಲಿಲ್ಲ. ಒಡೆಯದಂತೆ ತಾವು ಕಾಯುತ್ತಿದ್ದುದನ್ನು ಹೇಳಿದ್ದರು. ಸೊಸೆಯೂ ನಿಜವನ್ನೇ ಹೇಳಿದ್ದಳು. ಇಬ್ಬರ ಮಾತನ್ನೂ ಬರೆದುಕೊಂಡು, ಯಾರು, ಎಲ್ಲಿ, ಯಾರ ಮುಂದೆ ಹೇಳಿದರೆಂಬುದನ್ನೂ ಪಕ್ಕದಲ್ಲಿ ಬರೆದಿಟ್ಟಿದ್ದರೆ ಆ ಊರಿನ ಕುಟುಂಬವೆಂದರೇನೆಂಬುದು ಅದರಲ್ಲೇ ಇತ್ತು. ನಮ್ಮ ಕೊನೆಯ ಪಟ್ಟಿಯಲ್ಲಿ ಆ ಮನೆಗೆ ‘ಎರಡು’ ಎಂದು ಬರೆದೆವು. ಅಂಕಿ ಸರಿಯಾಗಿತ್ತು. ಆ ಹೆಣ್ಣುಮಗಳ ವಿಶ್ವಾಸವನ್ನು ಹಿ೦ದಿರುಗಿಸುವ ದಾರಿ ನನಗೆ ಸಿಗಲಿಲ್ಲ.

ಸಂಶೋಧಕರು ಊರುಗಳ ಹೆಸರನ್ನು ಮರೆಸಿ ರಾಂಪುರ, ವಂಗಲ, ದಾಲೇನ ಎಂದು ಬರೆಯುವುದು ಈ ಕಾರಣಕ್ಕಾಗಿಯೇ. ಐವತ್ತು ವರ್ಷಗಳಾದರೂ ನಾನು ಆ ಊರಿನ ಹೆಸರನ್ನು ಹೇಳದಿರುವುದೂ ಇದಕ್ಕಾಗಿಯೇ. ಅಂದು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಈಗ ಅರುವತ್ತರ ಆಸುಪಾಸಿನವರು. ಅವರಲ್ಲಿ ಯಾರಾದರೂ ಈ ಹೊತ್ತು ರೇಡಿಯೋದ ಮುಂದೆ ಕುಳಿತಿರಬಹುದು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಇನ್ನೊಮ್ಮೆ ಯಾರಾದರೂ ಪ್ರಶ್ನೆ ಕೇಳಲು ಬಂದರೆ ಅವರನ್ನು ಹಿಂದಕ್ಕೆ ಕಳುಹಿಸಬೇಡಿ. ನಿಮ್ಮ ಮನೆ ಲೆಕ್ಕದಿಂದ ಬಿಟ್ಟುಹೋದರೆ ನಷ್ಟ ನಿಮ್ಮಂಥವರಿಗೇ. ಆದರೆ ಒಳಗಿನಿಂದ ಬಂದ ಆ ಪ್ರಶ್ನೆಯನ್ನು, ‘ಇದೆಲ್ಲ ಯಾಕೆ?’ ಎಂಬುದನ್ನು, ಅವರು ಗೇಟು ದಾಟಿದ ಮೇಲಲ್ಲ, ಅವರ ಎದುರಿಗೇ ಕೇಳಿ. ಯಾರು ಓದುತ್ತಾರೆ, ಹೆಸರು ಹೊರಗೆ ಬೀಳುವುದೇ ಎಂದೂ ಕೇಳಿ. ಉತ್ತರ ಹೇಳಬೇಕಾದದ್ದು ಅವರ ಧರ್ಮ. ಹಾಗೆಯೇ, ಮನೆಯ ಯಜಮಾನರೊಬ್ಬರೇ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿ ಮುಗಿಸದೆ, ಒಳಗಿರುವವರನ್ನೂ ಒಂದು ಮಾತು ಕರೆಯಿರಿ. ಬಂದವನು ಎಳೆಯ ವಿದ್ಯಾರ್ಥಿಯಾಗಿದ್ದರೆ ಅವನಿಗೂ ಒಂದು ಲೋಟ ಮಜ್ಜಿಗೆ ಕೊಡಿ.